ಚುಕ್ಕಾಣಿ ಕೈಗೆ ಬರುವ ಮುನ್ನ

ಮಲ್ಪೆಯ ಮೀನುಗಾರಿಕಾ ದಕ್ಕೆಯಲ್ಲಿ ತಂಡೇಲನಾಗಲು, ಅಂದರೆ ಬೋಟಿನ ನಾಯಕನಾಗಲು, ಯಾರೂ ಅರ್ಜಿ ಹಾಕುವುದಿಲ್ಲ. ಸಂದರ್ಶನವಿಲ್ಲ, ನೇಮಕಾತಿ ಪತ್ರವಿಲ್ಲ. ಜೂನ್-ಜುಲೈ ಮಳೆಯಲ್ಲಿ ಬೋಟುಗಳೆಲ್ಲ ಒಂದಕ್ಕೊಂದು ಅಂಟಿಕೊಂಡು ಬಂದರಿನಲ್ಲಿ ನಿಂತಿರುವ ಹೊತ್ತಿಗೆ ಮಾಲೀಕರು ಬೋಟಿನ ಕೆಲಸಗಾರನಾದ ಒಬ್ಬ ಕಲಾಸಿಯನ್ನು ಮನೆಗೆ ಕರೆಸಿ, ಈ ವರ್ಷ ಬೋಟು ನೀನೇ ನೋಡಿಕೋ ಎನ್ನುತ್ತಾರೆ. ಅಲ್ಲಿಗೆ ನೇಮಕಾತಿ ಮುಗಿಯಿತು. ಆಗಸ್ಟ್ ತಿಂಗಳಲ್ಲಿ ಕಡಲು ತೆರೆಯುತ್ತಿದ್ದಂತೆ ಅದೇ ಹುಡುಗ ಏಳೆಂಟು ಜನರನ್ನು ಕಟ್ಟಿಕೊಂಡು, ಹತ್ತು ಹನ್ನೆರಡು ದಿನಕ್ಕಾಗುವಷ್ಟು ಐಸು, ಡೀಸೆಲ್, ಅಕ್ಕಿ, ಕುಡಿಯುವ ನೀರು ತುಂಬಿಸಿಕೊಂಡು ಅಳಿವೆ ದಾಟುತ್ತಾನೆ. ಬೆಂಗಳೂರಿನಲ್ಲಿ ಆಟೊ ಓಡಿಸಬೇಕಾದರೆ ಲೈಸೆನ್ಸ್ ಬೇಕು. ಮಹಾರಾಷ್ಟ್ರ, ಗುಜರಾತಿನವರೆಗೂ ಬೋಟು ಓಡಿಸುವ ಈ ಹುಡುಗನಿಗೆ ಓಡಿಸುವ ವಿದ್ಯೆ ಎಷ್ಟು ಬರುತ್ತದೆ ಎಂದು ರೂಢಿಯಲ್ಲಿ ಯಾರೂ ಪರೀಕ್ಷೆ ಮಾಡುವುದಿಲ್ಲ.

ತಂಡೇಲರ ವಿದ್ಯೆಯನ್ನು ಹತ್ತಿರದಿಂದ ನೋಡಿದವರು ಅದರ ಬಗ್ಗೆ ಹಗುರವಾಗಿ ಮಾತನಾಡಲಾರರು. ನೀರಿನ ಬಣ್ಣ, ಗಾಳಿಯ ವಾಸನೆ, ಎಂಜಿನ್ನಿನ ದನಿ ಎಲ್ಲವನ್ನೂ ಒಟ್ಟಿಗೆ ಓದುವ ವಿದ್ಯೆ ಅದು. ಅಂಥ ವಿದ್ಯೆ ಒಬ್ಬನ ತಲೆಯಿಂದ ಇನ್ನೊಬ್ಬನ ತಲೆಗೆ ಅದೃಷ್ಟ ಇದ್ದರೆ ದಾಟುತ್ತದೆ, ಇಲ್ಲದಿದ್ದರೆ ಇಲ್ಲ ಎಂಬ ಸ್ಥಿತಿಯಲ್ಲಿ ಇದೆ. ಹೊಸದಾಗಿ ಈ ವೃತ್ತಿಗೆ ಬರುವ ಹುಡುಗನಿಗೆ ಬೋಟಿನ ಮೇಲಿನ ಕಲಿಕೆಯೂ ಬೇಕು, ಅದನ್ನು ಒರೆಗೆ ಹಚ್ಚುವ ಪರೀಕ್ಷೆಯೂ ಬೇಕು ಎಂಬುದೇ ನನ್ನ ವಾದ.

ಕರ್ನಾಟಕದ ಕರಾವಳಿ ತಲಪಾಡಿಯಿಂದ ಮಾಜಾಳಿಯವರೆಗೆ, ಸುಮಾರು 320 ಕಿಲೋಮೀಟರ್. ಈ ಉದ್ದಕ್ಕೂ ಬೋಟಿನ ನಾಯಕನಿಗೆ ತಂಡೇಲ ಎಂದೇ ಹೆಸರು. ಬೋಟು ಬೇರೆಯಾದರೆ ತಂಡೇಲನ ಕೆಲಸವೂ ಬೇರೆ. ಬೆಳಗ್ಗೆ ಹೋಗಿ ಸಂಜೆ ಬರುವ ಸಣ್ಣ ಟ್ರಾಲ್ ಬೋಟಿನಲ್ಲಿ ನಾಲ್ಕೈದು ಜನ. ಆಳಸಮುದ್ರಕ್ಕೆ ಹೋಗುವ ಟ್ರಾಲ್ ಬೋಟಿನಲ್ಲಿ ಏಳರಿಂದ ಹತ್ತು. ಪರ್ಸೀನ್ ಬೋಟಿನಲ್ಲಿ ಇಪ್ಪತ್ತೈದು, ಮೂವತ್ತು ಜನರೂ ಇರುತ್ತಾರೆ. ಬಂಗುಡೆ, ಬೂತಾಯಿಯ ಹಿಂಡನ್ನು ಕಂಡ ಕೂಡಲೇ ಬಲೆಯಿಂದ ಸುತ್ತುಗಟ್ಟಬೇಕಾದ್ದರಿಂದ ಅಲ್ಲಿ ತಂಡೇಲನ ಕೂಗಿಗೆ ಅಷ್ಟೂ ಜನ ಒಮ್ಮೆಗೇ ಓಡಬೇಕು.

ಈ ಹುದ್ದೆ ಈಗಿರುವ ರೂಪಕ್ಕೆ ಬಂದು ಬಹಳ ಕಾಲವೇನೂ ಆಗಿಲ್ಲ. 1952ರ ಒಪ್ಪಂದದಂತೆ ಕೇರಳದ ನೀಂಡಕರದಲ್ಲಿ ಶುರುವಾದ ಇಂಡೋ-ನಾರ್ವೇಜಿಯನ್ ಯೋಜನೆ ಯಾಂತ್ರೀಕೃತ ಬೋಟುಗಳನ್ನು ತಂದಿತು. ಅರವತ್ತರ ದಶಕದಲ್ಲಿ ಅದು ಕಾರವಾರಕ್ಕೂ ಬಂತು. ಎಪ್ಪತ್ತರ ದಶಕದ ನಡುವೆ ಪರ್ಸೀನ್ ಬಲೆ ಬಂದಾಗ ನೂರಾರು ಕೈಗಳು ದಂಡೆಯಲ್ಲಿ ನಿಂತು ಎಳೆಯುತ್ತಿದ್ದ ರಾಂಪಣಿ ಬಲೆ ಹಿಂದೆ ಸರಿಯಿತು. ಅಂದರೆ ಇವತ್ತು ದಕ್ಕೆಯಲ್ಲಿ ಕೂತು ಬಲೆ ಹೊಲಿಯುತ್ತಿರುವ ಎಪ್ಪತ್ತು ದಾಟಿದ ಅಜ್ಜಂದಿರು ಹುಟ್ಟು ಹಾಕುವ ದೋಣಿ, ಎಂಜಿನ್, ಜಿಪಿಎಸ್ ಮೂರನ್ನೂ ಒಂದೇ ಆಯುಷ್ಯದಲ್ಲಿ ಕಂಡವರು. ಆ ಮೂರೂ ಕಾಲದ ತಿಳಿವಳಿಕೆ ಅವರ ಜೊತೆಗೇ ಹೋಗಿಬಿಡುವ ದಿನ ದೂರವಿಲ್ಲ.

ಅಡುಗೆಯಿಂದ ಶುರು

ಬೋಟಿಗೆ ಹೊಸಬನಾಗಿ ಬಂದವನ ಮೊದಲ ಕೆಲಸ ಬಹುತೇಕ ಕಡೆ ಅಡುಗೆ. ಓಲಾಡುವ ಬೋಟಿನಲ್ಲಿ ಕುಚ್ಚಲಕ್ಕಿ ಗಂಜಿ ಉಕ್ಕದಂತೆ ಬೇಯಿಸುವುದು, ಮೀನು ಸಾರು ಮಾಡುವುದು, ಹೊಟ್ಟೆ ತೊಳಸುತ್ತಿದ್ದರೂ ಎಂಟು ಜನರಿಗೆ ಬಡಿಸುವುದು. ಇದನ್ನು ಅವಮಾನ ಎಂದುಕೊಂಡ ಹುಡುಗರು ಎರಡನೇ ಸಲ ಬೋಟು ಹತ್ತುವುದಿಲ್ಲ. ಉಳಿದವರಿಗೆ ಅಲ್ಲಿಂದಲೇ ಪಾಠ ಶುರು. ಅಡುಗೆಯವನು ಎಲ್ಲರಿಗಿಂತ ಮೊದಲು ಏಳುತ್ತಾನೆ, ಎಲ್ಲರಿಗಿಂತ ಕೊನೆಗೆ ಮಲಗುತ್ತಾನೆ. ಹಾಗಾಗಿ ರಾತ್ರಿ ಕಾವಲಿನಲ್ಲಿ ತಂಡೇಲ ಏನು ಮಾಡುತ್ತಾನೆ ಎಂಬುದನ್ನು ಪಕ್ಕದಲ್ಲೇ ನಿಂತು ನೋಡುವ ಅವಕಾಶ ಅವನಿಗೆ ಸಿಕ್ಕಷ್ಟು ಬೇರೆಯವರಿಗೆ ಸಿಗುವುದಿಲ್ಲ.

ಆಮೇಲೆ ಕಲಾಸಿಯ ಕೆಲಸ. ಹಗ್ಗ ಕಟ್ಟುವುದು, ಹರಿದ ಬಲೆ ಹೊಲಿಯುವುದು, ಬಲೆ ಮೇಲೆ ಬಂದ ಕೂಡಲೇ ರಾಣಿಮೀನು, ಬೊಂಡಾಸು, ಸಿಗಡಿ, ಪಾಂಬೋಲು ಎಂದು ವಿಂಗಡಿಸುವುದು, ಮೀನು ಕೆಡದಂತೆ ಪದರ ಪದರವಾಗಿ ಐಸು ಹಾಕಿ ಜೋಡಿಸುವುದು. ಐಸು ಸರಿಯಾಗಿ ಬೀಳದಿದ್ದರೆ ಹತ್ತು ದಿನದ ದುಡಿಮೆ ಹರಾಜಿನಲ್ಲಿ ಅರ್ಧ ಬೆಲೆಗೆ ಹೋಗುತ್ತದೆ. ನಂತರ ಎಂಜಿನ್ ಕೋಣೆ. ಡೀಸೆಲ್ ಫಿಲ್ಟರ್, ತಂಪು ನೀರಿನ ಪಂಪು, ಬೋಟಿನ ತಳದಲ್ಲಿ ಸೇರುವ ನೀರನ್ನು ಹೊರಹಾಕುವ ಪಂಪು. ದಡದಿಂದ ಐವತ್ತು ನಾಟಿಕಲ್ ಮೈಲು ದೂರದಲ್ಲಿ ಮೆಕ್ಯಾನಿಕ್ ಸಿಗುವುದಿಲ್ಲ. ಎಂಜಿನ್ ನಿಂತ ಬೋಟು ತೆರೆಗೆ ಅಡ್ಡಲಾಗಿ ತಿರುಗಿಬಿಡುತ್ತದೆ, ತೆರೆಗೆ ಅಡ್ಡಬಿದ್ದ ಬೋಟು ಮಗುಚುವ ಅಪಾಯ ಹೆಚ್ಚು. ಆದ್ದರಿಂದ ಎಂಜಿನ್ ಗೊತ್ತಿಲ್ಲದ ತಂಡೇಲ ಅರ್ಧ ತಂಡೇಲ ಮಾತ್ರ.

ಚುಕ್ಕಾಣಿ ಕೈಗೆ ಸಿಗುವುದು ಇಷ್ಟೆಲ್ಲ ಆದ ಮೇಲೆ, ಅದೂ ಮೊದಮೊದಲು ಬಯಲು ಕಡಲಿನಲ್ಲಿ, ಗಾಳಿ ಇಲ್ಲದ ಹೊತ್ತಿನಲ್ಲಿ. ದಿಕ್ಕು ಹೇಳಿಕೊಟ್ಟು ತಂಡೇಲರು ಅಲ್ಲೇ ಹಿಂದೆ ಮಲಗುತ್ತಾರೆ. ಹುಡುಗನಿಗೆ ಅವರು ನಿದ್ದೆ ಹೋದರು ಅನಿಸುತ್ತದೆ. ಎಂಜಿನ್ನಿನ ದನಿ ಒಂದಿಷ್ಟು ಬದಲಾದರೂ ಸಾಕು, ಎದ್ದು ಕೂರುತ್ತಾರೆ. ಒಳ್ಳೆಯ ತಂಡೇಲರು ಉತ್ತರಾಧಿಕಾರಿಯನ್ನು ಗುರುತಿಸುವುದೂ ಹೀಗೆಯೇ. ದನಿ ಬದಲಾದಾಗ ತಾನಾಗಿ ಎಚ್ಚರಗೊಳ್ಳುವ ಕಲಾಸಿ ಯಾರು ಎಂದು ನೋಡಿ ಇಟ್ಟುಕೊಂಡಿರುತ್ತಾರೆ.

ಹಳೆಯ ತಂಡೇಲರಲ್ಲಿ ಅನೇಕರು ಹನ್ನೆರಡು ಹದಿಮೂರರ ವಯಸ್ಸಿಗೇ ಶಾಲೆ ಬಿಟ್ಟು ಕಡಲಿಗೆ ಇಳಿದವರು. ಅವರ ಸಾಧನೆ ದೊಡ್ಡದು. ಆದರೆ ಇವತ್ತಿನ ಹುಡುಗನಿಗೆ ಆ ದಾರಿ ಬೇಡ. ಹತ್ತನೇ ತರಗತಿ ಮುಗಿಸದೆ ಬೋಟು ಹತ್ತಿದವನಿಗೆ ಮುಂದೆ ತೆರೆಯಬಹುದಾದ ಬಾಗಿಲುಗಳೆಲ್ಲ ಅಂದೇ ಮುಚ್ಚುತ್ತವೆ. ಅವು ಯಾವ ಬಾಗಿಲುಗಳು ಎಂದು ಮುಂದೆ ಹೇಳುತ್ತೇನೆ.

ಅಳಿವೆ ಎಂಬ ಪರೀಕ್ಷೆ

ಕಡಲಿನ ಅಪಾಯ ನಡುನೀರಿನಲ್ಲಿದೆ ಎಂದು ಘಟ್ಟದ ಮೇಲಿನವರು ಭಾವಿಸುತ್ತಾರೆ. ಆದರೆ ದಡದ ಹತ್ತಿರವೇ ಬೋಟು ಕಳೆದುಕೊಳ್ಳುವ ಜಾಗ ಅಳಿವೆ. ಹೊಳೆ ಕಡಲು ಸೇರುವ ಬಾಯಿ ಅದು. ಹೊಳೆ ತಂದ ಮರಳು ಅಲ್ಲಿ ದಿಬ್ಬವಾಗಿ ಕೂರುತ್ತದೆ, ಒಂದು ಮಳೆಗಾಲ ಕಳೆದರೆ ದಿಬ್ಬದ ಜಾಗ ಬದಲಾಗಿರುತ್ತದೆ. ಕಳೆದ ವರ್ಷ ಬೋಟು ಸಲೀಸಾಗಿ ಹೋದ ದಾರಿಯಲ್ಲಿ ಈ ವರ್ಷ ತಳ ತಾಗಬಹುದು. ಗಂಗೊಳ್ಳಿ, ಹೊನ್ನಾವರ, ತದಡಿ ಕಡೆಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಶರಾವತಿ ಅಳಿವೆಯ ಹೂಳಿನಲ್ಲಿ ಸಿಕ್ಕ ಬೋಟುಗಳ ಸುದ್ದಿ ಅಲ್ಲಿನವರು ಪ್ರತಿವರ್ಷ ಕೇಳುತ್ತಾರೆ.

ಅಳಿವೆಯ ಭೌತಶಾಸ್ತ್ರ ಸರಳ, ಅದನ್ನು ಮೈಗೂಡಿಸಿಕೊಳ್ಳುವುದು ಕಷ್ಟ. ಇಳಿತದ ಹೊತ್ತಿನಲ್ಲಿ ಹೊಳೆಯ ನೀರು ರಭಸದಿಂದ ಕಡಲಿಗೆ ನುಗ್ಗುತ್ತಿರುತ್ತದೆ. ಎದುರಿನಿಂದ ತೆರೆ ಬರುತ್ತಿರುತ್ತದೆ. ಎರಡೂ ಮುಖಾಮುಖಿಯಾದಲ್ಲಿ ತೆರೆ ಕುಗ್ಗಿ, ಎತ್ತರವಾಗಿ, ಕಡಿದಾಗಿ ಎದ್ದು ಮುರಿಯುತ್ತದೆ. ಅದೇ ಜಾಗದಲ್ಲಿ ಭರತದ ಹೊತ್ತಿನಲ್ಲಿ ನೀರು ಒಳಮುಖವಾಗಿ ಹರಿಯುವಾಗ ತೆರೆ ಸೌಮ್ಯವಾಗಿರುತ್ತದೆ, ದಿಬ್ಬದ ಮೇಲೆ ನೀರೂ ಹೆಚ್ಚಿರುತ್ತದೆ. ನಮ್ಮ ಕರಾವಳಿಯಲ್ಲಿ ಭರತ-ಇಳಿತದ ಅಂತರ ಗುಜರಾತಿನಷ್ಟು ದೊಡ್ಡದಲ್ಲ, ಹೆಚ್ಚೆಂದರೆ ಒಂದೆರಡು ಮೀಟರ್. ಮೀನು ತುಂಬಿದ ಬೋಟಿನ ತಳಕ್ಕೂ ಮರಳಿಗೂ ನಡುವೆ ಇರುವ ಜಾಗವೂ ಅಷ್ಟೇ.

ಒಳಗೆ ಬರುವಾಗ ತೆರೆ ಬೋಟಿನ ಹಿಂದಿನಿಂದ ಬರುತ್ತದೆ. ಅದು ಹಿಂಭಾಗವನ್ನು ಎತ್ತಿ ಮುಂದಕ್ಕೆ ದೂಡಿದಾಗ ಬೋಟಿನ ಮೂತಿ ನೀರಿಗೆ ಇಳಿಯುತ್ತದೆ, ಚುಕ್ಕಾಣಿಗೆ ನೀರಿನ ಹಿಡಿತ ತಪ್ಪುತ್ತದೆ, ಬೋಟು ಪಕ್ಕಕ್ಕೆ ತಿರುಗತೊಡಗುತ್ತದೆ. ತಿರುಗಿದ ಬೋಟಿನ ಪಕ್ಕೆಗೆ ಮುಂದಿನ ತೆರೆ ಬಡಿದರೆ ಮುಗಿಯಿತು. ಅನುಭವಿ ತಂಡೇಲ ಅಳಿವೆಯ ಹೊರಗೆ ಎಂಜಿನ್ ತಗ್ಗಿಸಿ ನಿಂತು ತೆರೆಗಳನ್ನು ನೋಡುತ್ತಾನೆ. ದೊಡ್ಡ ತೆರೆಗಳು ಗುಂಪಾಗಿ ಬರುತ್ತವೆ, ಗುಂಪು ದಾಟಿದ ಮೇಲೆ ಸ್ವಲ್ಪ ಹೊತ್ತು ಕಡಲು ಉಸಿರು ತೆಗೆದುಕೊಳ್ಳುತ್ತದೆ. ಆ ಬಿಡುವಿನಲ್ಲಿ ಒಂದು ತೆರೆಯ ಬೆನ್ನು ಹಿಡಿದು, ಅದನ್ನು ದಾಟಿ ಮುಂದೆ ಹೋಗದಂತೆ, ಹಿಂದಿನದಕ್ಕೆ ಸಿಗದಂತೆ ವೇಗ ಹಿಡಿದು ಒಳಗೆ ಬರಬೇಕು. ಅರ್ಧದಲ್ಲಿ ಮನಸ್ಸು ಬದಲಾಯಿಸುವಂತಿಲ್ಲ.

ಇದಕ್ಕಿಂತಲೂ ಕಷ್ಟದ ನಿರ್ಧಾರ ಇನ್ನೊಂದಿದೆ, ಒಳಗೆ ಬಾರದೆ ಹೊರಗೇ ಉಳಿಯುವುದು. ಹತ್ತು ದಿನವಾಗಿದೆ, ಐಸು ಕರಗುತ್ತಿದೆ, ಕಲಾಸಿಗಳು ಮನೆಯ ದೀಪ ಕಾಣುವಷ್ಟು ಹತ್ತಿರ ಬಂದಿದ್ದಾರೆ, ದಕ್ಕೆಯಿಂದ ಮಾಲೀಕರ ಫೋನು ಬರುತ್ತಿದೆ. ಆಗ ನೀರು ಏರುವವರೆಗೆ ಕಾಯೋಣ ಎನ್ನಲು ಗಟ್ಟಿ ಎದೆ ಬೇಕು. ಹೊಸ ತಂಡೇಲನನ್ನು ನೇಮಿಸುವ ಮಾಲೀಕರು ಅವನಿಗೆ ಮೊದಲು ಕೊಡಬೇಕಾದದ್ದು ಈ ಸ್ವಾತಂತ್ರ್ಯ. ತಡವಾದರೂ ಪರವಾಗಿಲ್ಲ, ಹೊರಗೇ ನಿಲ್ಲು ಎಂದು ಒಮ್ಮೆ ಬಾಯಿಬಿಟ್ಟು ಹೇಳಿದ ಮಾಲೀಕರ ಬೋಟಿನಲ್ಲಿ ಆ ಹುಡುಗ ನೆಟ್ಟಗೆ ನಿರ್ಧಾರ ತೆಗೆದುಕೊಳ್ಳುತ್ತಾನೆ.

ಕಾಣದ ನೆಲದ ಮೇಲೆ

ಅಳಿವೆ ದಾಟಿದ ಮೇಲೆ ತಂಡೇಲನ ಲೋಕ ನೀರಿನ ಕೆಳಗಿದೆ. ಆಳವನ್ನು ಈಗಲೂ ಮಾರುಗಳಲ್ಲೇ ಲೆಕ್ಕ ಹಾಕುತ್ತಾರೆ. ಎಲ್ಲಿ ಕೆಸರು, ಎಲ್ಲಿ ಮರಳು, ಎಲ್ಲಿ ಕಲ್ಲು ಎಂಬ ನಕ್ಷೆ ತಲೆಯಲ್ಲಿರಬೇಕು. ಕೆಸರಿನಲ್ಲಿ ಸಿಗಡಿ, ಕಲ್ಲಿನ ಅಂಚಿನಲ್ಲಿ ಬೊಂಡಾಸು, ಆದರೆ ಕಲ್ಲಿಗೆ ತಾಗಿದರೆ ಬಲೆ ಚಿಂದಿ. ಹಿಂದೆ ಸೀಸದ ಗುಂಡಿಗೆ ಮೇಣವೋ ಸೋಪೋ ಮೆತ್ತಿ ಇಳಿಸಿ, ಅದಕ್ಕೆ ಅಂಟಿದ ಮಣ್ಣು ನೋಡಿ ತಳ ಎಂಥದ್ದೆಂದು ತಿಳಿಯುವ ಉಪಾಯ ಲೋಕದ ಅನೇಕ ಕಡಲುಗಳಲ್ಲಿ ಇತ್ತು. ಈಗ ಫಿಶ್ ಫೈಂಡರ್ ಪರದೆಯಲ್ಲಿ ತಳದ ಗೆರೆ ದಪ್ಪಗಿದೆಯೋ ತೆಳ್ಳಗಿದೆಯೋ ನೋಡಿ ಹೇಳುತ್ತಾರೆ.

ಜಿಪಿಎಸ್ ಬಂದ ಮೇಲೆ ತಂಡೇಲನ ಆಸ್ತಿ ಎಂದರೆ ಅವನ ಪಾಯಿಂಟುಗಳು. ಮೀನು ಸಿಕ್ಕ ಜಾಗ, ಬಲೆ ಸಿಕ್ಕಿಕೊಂಡ ಜಾಗ, ಮುಳುಗಿದ ಹಡಗಿನ ಅವಶೇಷ ಇರುವ ಜಾಗ, ಎಲ್ಲದರ ಅಕ್ಷಾಂಶ ರೇಖಾಂಶ. ಕೆಲವರು ಉಪಕರಣದ ಜೊತೆಗೆ ಪುಸ್ತಕದಲ್ಲೂ ಬರೆದಿಡುತ್ತಾರೆ. ಬರೆದಿಡುವವರೇ ಜಾಣರು, ಏಕೆಂದರೆ ಉಪಕರಣ ಕೆಡುತ್ತದೆ. ಹೊಸಬ ಇಲ್ಲಿ ಕಲಿಯಬೇಕಾದ ಒಂದು ಸಣ್ಣ ಲೆಕ್ಕವಿದೆ. ಅಕ್ಷಾಂಶದ ಒಂದು ನಿಮಿಷ ಅಂದರೆ ಒಂದು ನಾಟಿಕಲ್ ಮೈಲು, 1.852 ಕಿಲೋಮೀಟರ್. ಮಲ್ಪೆ ಇರುವುದು ಸುಮಾರು 13 ಡಿಗ್ರಿ 21 ನಿಮಿಷದಲ್ಲಿ, ಕಾರವಾರ 14 ಡಿಗ್ರಿ 48 ನಿಮಿಷದಲ್ಲಿ. ಕಳೆದರೆ 87 ನಿಮಿಷ. ಅಂದರೆ ಕಾರವಾರ ಮಲ್ಪೆಗಿಂತ 87 ನಾಟಿಕಲ್ ಮೈಲು ಬಡಗಿಗೆ. ಪರದೆ ಕತ್ತಲಾದ ರಾತ್ರಿ ಈ ಲೆಕ್ಕ, ಒಂದು ಕಂಪಾಸು, ಕಾಪುವಿನಲ್ಲಿ 1901ರಿಂದ ಉರಿಯುತ್ತಿರುವ ದೀಪಸ್ತಂಭದಂಥ ಬೆಳಕು, ಇಷ್ಟು ಸಾಕು ಮನೆಗೆ ಬರಲು. ಇವತ್ತಿನ ಹುಡುಗರಲ್ಲಿ ಕಂಪಾಸು ನೋಡಿ ಬೋಟು ನಡೆಸಬಲ್ಲವರು ಕಡಿಮೆಯಾಗುತ್ತಿದ್ದಾರೆ ಎಂಬ ಕೊರಗು ಹಿರಿಯರಲ್ಲಿದೆ. ಅದು ನ್ಯಾಯವಾದ ಕೊರಗು.

ಟ್ರಾಲ್ ಬಲೆ ಎಳೆಯುವಾಗ ಬೋಟಿನ ವೇಗ ಗಂಟೆಗೆ ಎರಡು ಮೂರು ನಾಟಿಕಲ್ ಮೈಲು ಮಾತ್ರ. ಆಳದ ಮೂರರಿಂದ ಐದು ಪಟ್ಟು ಉದ್ದದ ರೋಪು ಹಿಂದೆ ಬಿಟ್ಟಿರುತ್ತಾರೆ. ಆ ಬಲೆ ತಳದ ಬಂಡೆಗೋ ಹಳೆಯ ಲಂಗರಿಗೋ ಸಿಕ್ಕಿಕೊಂಡರೆ ಬೋಟು ಹಿಂದಿನಿಂದ ಕಟ್ಟಿಹಾಕಿದಂತಾಗುತ್ತದೆ, ಹಿಂಭಾಗ ಕೆಳಗೆ ಜಗ್ಗುತ್ತದೆ. ಬಿಡಿಸಲು ವಿಂಚು ಜೋರಾಗಿ ಎಳೆಯಬೇಕೋ, ಬೋಟು ತಿರುಗಿಸಬೇಕೋ, ರೋಪು ಕತ್ತರಿಸಿ ಲಕ್ಷಗಟ್ಟಲೆ ಬೆಲೆಯ ಬಲೆಯನ್ನು ಬಿಟ್ಟುಬಿಡಬೇಕೋ ಎಂದು ತೀರ್ಮಾನಿಸಲು ಕೆಲವು ನಿಮಿಷಗಳಷ್ಟೇ ಇರುತ್ತವೆ. ಕತ್ತರಿಸುವ ಕತ್ತಿ ಎಲ್ಲಿದೆ ಎಂಬುದು ಕಲಾಸಿಗಳೆಲ್ಲರಿಗೂ ಕತ್ತಲಲ್ಲೂ ಗೊತ್ತಿರಬೇಕು.

ಇನ್ನು ಜನ. ಮಲ್ಪೆ, ಮಂಗಳೂರಿನ ಬೋಟುಗಳಲ್ಲಿ ಉತ್ತರ ಕನ್ನಡದವರು ಹಿಂದಿನಿಂದಲೂ ಇದ್ದಾರೆ. ಈಗ ಆಂಧ್ರ, ತಮಿಳುನಾಡು, ಒಡಿಶಾ, ಜಾರ್ಖಂಡಿನವರೂ ಸೇರಿದ್ದಾರೆ. ಒಂದೇ ಬೋಟಿನಲ್ಲಿ ತುಳು, ಕೊಂಕಣಿ, ಕನ್ನಡ, ತೆಲುಗು, ಹಿಂದಿ. ಮಾಲೀಕರು ಮಳೆಗಾಲದಲ್ಲಿ ಕೊಡುವ ಮುಂಗಡ ಹಣ ಹಿಡಿದು ತಂಡ ಕಟ್ಟುವ ಹೊಣೆ ಹೆಚ್ಚಾಗಿ ತಂಡೇಲನದ್ದೇ. ಹಣ ಪಡೆದ ಕಲಾಸಿ ಬಾರದಿದ್ದರೆ ಉತ್ತರ ಹೇಳಬೇಕಾದವನೂ ತಂಡೇಲನೇ. ಸಂಬಳ ಎಂಬುದು ಪಾಲಿನ ಲೆಕ್ಕದಲ್ಲಿ ಬರುತ್ತದೆ: ಡೀಸೆಲ್, ಐಸು, ಪಡಿತರದ ಖರ್ಚು ಕಳೆದು ಉಳಿದದ್ದರಲ್ಲಿ ಮಾಲೀಕರಿಗಿಷ್ಟು, ತಂಡೇಲನಿಗಿಷ್ಟು, ಕಲಾಸಿಗಳಿಗಿಷ್ಟು. ಪಾಲಿನ ಪ್ರಮಾಣ ಬಂದರಿನಿಂದ ಬಂದರಿಗೆ, ಬೋಟಿನಿಂದ ಬೋಟಿಗೆ ಬೇರೆ. ಮೀನು ಸಿಕ್ಕದ ಸಲ ಖರ್ಚೇ ತಲೆ ಮೇಲೆ ಉಳಿಯುತ್ತದೆ. ಈ ವೃತ್ತಿಗೆ ಬರುವ ಮುನ್ನ ಮನೆಯವರು ಕೂತು ಯೋಚಿಸಬೇಕಾದ ಮಾತು ಇದು. ಒಳ್ಳೆಯ ವರ್ಷದಲ್ಲಿ ತಂಡೇಲನ ಗಳಿಕೆ ಸರಕಾರಿ ನೌಕರನನ್ನೂ ಮೀರಬಹುದು, ಕೆಟ್ಟ ವರ್ಷದಲ್ಲಿ ಮುಂಗಡ ತೀರಿಸಲು ಇನ್ನೊಂದು ವರ್ಷ ಅದೇ ಬೋಟಿನಲ್ಲಿ ದುಡಿಯಬೇಕಾಗಬಹುದು. ವರ್ಷದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ ಯಾಂತ್ರೀಕೃತ ಬೋಟಿಗೆ ದುಡಿಮೆಯೇ ಇಲ್ಲ.

ಇದೇ ಕಾರಣಕ್ಕೆ ಬೇಗ ಸಾಲ ತೀರಿಸುವ ಆಸೆಗೆ ಬಿದ್ದು ಅಡ್ಡದಾರಿ ಹಿಡಿಯುವವರೂ ಇದ್ದಾರೆ. ರಾತ್ರಿ ಪ್ರಖರ ದೀಪ ಹಾಕಿ ಮೀನನ್ನು ಸೆಳೆಯುವ ಬೆಳಕು ಮೀನುಗಾರಿಕೆ, ಎರಡು ಬೋಟು ಸೇರಿ ಒಂದೇ ಬಲೆ ಎಳೆಯುವ ಬುಲ್ ಟ್ರಾಲಿಂಗ್, ಇವೆರಡನ್ನೂ ಕೇಂದ್ರ ಸರಕಾರ 2017ರಲ್ಲೇ ನಿಷೇಧಿಸಿದೆ. ಹೊಸ ತಂಡೇಲ ಇದನ್ನು ಕಲಿಯಲೇಬಾರದು. ನಲವತ್ತು ವರ್ಷ ಈ ಕಡಲನ್ನೇ ನಂಬಿ ಬದುಕಬೇಕಾದವನು ಬೆರಳುದ್ದದ ಮರಿಮೀನನ್ನು ಫಿಶ್‌ಮೀಲ್ ಕಾರ್ಖಾನೆಗೆ ಸಾಗಿಸಿದರೆ ತನ್ನ ನಲವತ್ತನೇ ವಯಸ್ಸಿನ ಅನ್ನವನ್ನು ಇಪ್ಪತ್ತೈದರಲ್ಲಿ ಮಾರಿದಂತೆ.

ಕಡಲು ಕಲಿಸಿದ ಕಹಿ ಪಾಠಗಳು

2018ರ ಡಿಸೆಂಬರ್ 13ರಂದು ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ಬೋಟು ಎರಡು ದಿನದ ನಂತರ ಸಂಪರ್ಕ ಕಳೆದುಕೊಂಡಿತು. ಬೋಟಿನಲ್ಲಿದ್ದವರು ಏಳು ಜನ, ಉಡುಪಿ ಮತ್ತು ಉತ್ತರ ಕನ್ನಡದವರು. ನಾಲ್ಕೂವರೆ ತಿಂಗಳು ಆ ಏಳು ಮನೆಗಳು ಅನುಭವಿಸಿದ್ದನ್ನು ಬರೆಯಲು ಶಬ್ದವಿಲ್ಲ. 2019ರ ಮೇ ತಿಂಗಳಲ್ಲಿ ನೌಕಾಪಡೆಯ ‘ನಿರೀಕ್ಷಕ್’ ಹಡಗು ಮಹಾರಾಷ್ಟ್ರದ ಮಾಲ್ವಣದ ಆಚೆ ಕಡಲ ತಳದಲ್ಲಿ ಬೋಟಿನ ಅವಶೇಷವನ್ನು ಪತ್ತೆ ಮಾಡಿತು. ಏಳು ಜನ ಮರಳಲಿಲ್ಲ.

2020ರ ನವೆಂಬರ್ ಕೊನೆಯ ರಾತ್ರಿ ಮಂಗಳೂರಿನ ‘ಶ್ರೀರಕ್ಷಾ’ ಪರ್ಸೀನ್ ಬೋಟು ಮೀನು ತುಂಬಿಕೊಂಡು ಮರಳುವಾಗ ಮಗುಚಿತು. ಇಪ್ಪತ್ತೆರಡು ಜನರಲ್ಲಿ ಹದಿನಾರು ಜನ ಬದುಕಿದರು, ಆರು ಜನ ಹೋದರು. 2021ರ ಏಪ್ರಿಲ್ 13ರಂದು ನಸುಕಿನ ಕತ್ತಲಲ್ಲಿ ಮಂಗಳೂರಿನ ಆಚೆ, ಬೇಪೂರಿನಿಂದ ಬಂದಿದ್ದ ಹದಿನಾಲ್ಕು ಜನರ ಮೀನುಗಾರಿಕಾ ಬೋಟಿಗೂ ಸಿಂಗಪುರದ ಸರಕು ಹಡಗಿಗೂ ಡಿಕ್ಕಿಯಾಯಿತು. ಜೀವಂತವಾಗಿ ಸಿಕ್ಕವರು ಇಬ್ಬರು.

ತಪ್ಪು ಯಾರದ್ದು ಎಂದು ಹೇಳಲು ಈ ಮೂರನ್ನು ನೆನೆಯುತ್ತಿಲ್ಲ. ತಂಡೇಲನಾಗಲು ಹೊರಟ ಹುಡುಗ ಪ್ರತಿಯೊಂದರಿಂದಲೂ ಒಂದು ಪ್ರಶ್ನೆ ಕೇಳಿಕೊಳ್ಳಬೇಕು. ನನ್ನ ಬೋಟು ಇದ್ದಕ್ಕಿದ್ದಂತೆ ಮುಳುಗಿದರೆ ದಡಕ್ಕೆ ಸುದ್ದಿ ಮುಟ್ಟಿಸುವುದು ಯಾವುದು? ಮೀನಿನ ಭಾರ ಎಷ್ಟಾದಾಗ ನಾನು ಸಾಕು ಎನ್ನುತ್ತೇನೆ? ರಾತ್ರಿ ಎರಡು ಗಂಟೆಗೆ ನನ್ನ ಬೋಟಿನಲ್ಲಿ ಕಣ್ಣು ತೆರೆದಿರುವವನು ಯಾರು?

ಆ ತೆರೆದ ಕಣ್ಣು ಏನನ್ನು ಗುರುತಿಸಬೇಕು ಎಂಬುದಕ್ಕೆ 1972ರ ಅಂತರರಾಷ್ಟ್ರೀಯ ಡಿಕ್ಕಿ ತಡೆ ನಿಯಮಗಳಲ್ಲಿ ಉತ್ತರವಿದೆ. ಬಲೆ ಎಳೆಯುತ್ತಿರುವ ಟ್ರಾಲರ್ ರಾತ್ರಿ ಮೇಲೆ ಹಸಿರು, ಅದರ ಕೆಳಗೆ ಬಿಳಿ ದೀಪ ಹಾಕಬೇಕು. ಬೇರೆ ಬಲೆಯಲ್ಲಿ ಮೀನು ಹಿಡಿಯುತ್ತಿರುವ ಬೋಟು ಮೇಲೆ ಕೆಂಪು, ಕೆಳಗೆ ಬಿಳಿ. ಈ ದೀಪ ಕಂಡಾಗ ದಾರಿ ಬಿಡಬೇಕಾದದ್ದು ಹಡಗು. ಬಲೆ ಮೇಲೆತ್ತಿ ಸುಮ್ಮನೆ ಓಡುತ್ತಿರುವ ಬೋಟಿಗೆ ಆ ಹಕ್ಕು ಇಲ್ಲ. ಹಕ್ಕು ಇದ್ದರೂ ದೊಡ್ಡ ಹಡಗು ನಿಲ್ಲಲು ಕಿಲೋಮೀಟರುಗಟ್ಟಲೆ ನೀರು ಬೇಕು ಎಂಬುದು ನೆನಪಿರಬೇಕು. ಎದುರು ಬರುವ ಹಡಗಿನ ಕೆಂಪು, ಹಸಿರು ಎರಡೂ ದೀಪ ಒಟ್ಟಿಗೆ ಕಂಡರೆ ಅದು ನೇರವಾಗಿ ನಿಮ್ಮ ಮೇಲೇ ಬರುತ್ತಿದೆ. ಇನ್ನೊಂದು ಸುಲಭದ ಪರೀಕ್ಷೆ: ಕ್ಯಾಬಿನ್ನಿನ ಕಂಬದ ಗೆರೆಗೆ ಹಡಗಿನ ದೀಪ ಹೊಂದಿಸಿ ನೋಡಿ. ಸ್ವಲ್ಪ ಹೊತ್ತಿನ ಮೇಲೂ ದೀಪ ಅದೇ ಗೆರೆಯಲ್ಲಿದ್ದು ದೊಡ್ಡದಾಗುತ್ತಿದ್ದರೆ ಡಿಕ್ಕಿ ಖಚಿತ, ಈಗಲೇ ತಿರುಗಬೇಕು. ಇದನ್ನು ಕಲಿಸಲು ಅರ್ಧ ದಿನ ಸಾಕು. ಕಲಿಸುವ ವ್ಯವಸ್ಥೆ ದಕ್ಕೆಯಲ್ಲಿ ಇರಬೇಕು ಅಷ್ಟೇ.

ಸುದ್ದಿ ಮುಟ್ಟಿಸುವ ಸಾಧನಗಳು ಈಗ ಮೊದಲಿಗಿಂತ ಹೆಚ್ಚಿವೆ. ವಿಎಚ್‌ಎಫ್ ರೇಡಿಯೊದ 16ನೇ ಚಾನೆಲ್ ಅಪಾಯದ ಕರೆಗೆ ಮೀಸಲು. ಕರಾವಳಿ ಕಾವಲು ಪಡೆಯ ಸಹಾಯವಾಣಿ 1554. ಉಪಗ್ರಹದ ಮೂಲಕ ಅಪಾಯದ ಸಂದೇಶ ಕಳಿಸುವ ಟ್ರಾನ್ಸ್‌ಮಿಟರ್, ಬೋಟು ಎಲ್ಲಿದೆ ಎಂದು ತೋರಿಸುವ ಇಸ್ರೊದ ಟ್ರಾನ್ಸ್‌ಪಾಂಡರ್ ಬಂದಿವೆ. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಸಮುದ್ರದ ಮೇಲ್ಮೈ ಉಷ್ಣತೆ, ನೀರಿನ ಹಸಿರು ನೋಡಿ ಮೀನು ಸಿಗಬಹುದಾದ ಜಾಗ ಹೇಳುತ್ತದೆ, ಅಲೆಯ ಎತ್ತರದ ಮುನ್ಸೂಚನೆಯನ್ನೂ ಕೊಡುತ್ತದೆ. ತನ್ನ ಪಾಯಿಂಟು ಬೇರೆಯವರಿಗೆ ಗೊತ್ತಾಗುತ್ತದೆ ಎಂದು ಟ್ರಾನ್ಸ್‌ಪಾಂಡರ್ ಆರಿಸಿ ಇಡಲು ಆಸೆಪಡುವ ತಂಡೇಲ ಒಂದು ಸಲ ಮಾಲ್ವಣದ ಆಚೆಯ ಆ ಏಳು ಜನರನ್ನು ನೆನೆಯಲಿ.

ಕಾಗದದ ದಾರಿ

ಈಗ ಬಾಗಿಲುಗಳ ಮಾತು. ಕೊಚ್ಚಿಯಲ್ಲಿ 1963ರಿಂದ ಇರುವ ಸಿಫ್ನೆಟ್, ಅಂದರೆ ಕೇಂದ್ರೀಯ ಮೀನುಗಾರಿಕಾ ನೌಕಾ ಮತ್ತು ಎಂಜಿನಿಯರಿಂಗ್ ತರಬೇತಿ ಸಂಸ್ಥೆ, ಮೀನುಗಾರಿಕಾ ಹಡಗಿನ ನಾಯಕರನ್ನು ತಯಾರು ಮಾಡಲೆಂದೇ ಹುಟ್ಟಿದ್ದು. ಚೆನ್ನೈ, ವಿಶಾಖಪಟ್ಟಣದಲ್ಲೂ ಅದರ ಘಟಕಗಳಿವೆ. ಅಲ್ಲಿ ಎರಡು ವರ್ಷದ ವೆಸೆಲ್ ನ್ಯಾವಿಗೇಟರ್ ಕೋರ್ಸ್ ಇದೆ, ಎಂಜಿನ್ ಕಡೆ ಆಸಕ್ತಿ ಇದ್ದವರಿಗೆ ಮೆರೈನ್ ಫಿಟ್ಟರ್ ಕೋರ್ಸ್ ಇದೆ. ಹತ್ತನೇ ತರಗತಿ ಪಾಸಾಗಿ ಗಣಿತ, ವಿಜ್ಞಾನದಲ್ಲಿ ಶೇ 40 ಅಂಕ ಇದ್ದ 16ರಿಂದ 20ರ ವಯಸ್ಸಿನವರು ಪ್ರವೇಶ ಪರೀಕ್ಷೆ ಬರೆಯಬಹುದು. ಪದವಿಯೇ ಬೇಕೆಂದರೆ ನಾಲ್ಕು ವರ್ಷದ ನಾಟಿಕಲ್ ಸೈನ್ಸ್ ಪದವಿಯೂ ಉಂಟು. ಕೋರ್ಸ್ ಮುಗಿಸಿ, ಕಡಲಿನ ಮೇಲೆ ನಿಗದಿತ ಅವಧಿ ದುಡಿದು, ಕೇಂದ್ರದ ನೌಕಾಯಾನ ಇಲಾಖೆ ನಡೆಸುವ ಪರೀಕ್ಷೆ ಪಾಸಾದರೆ ಮೀನುಗಾರಿಕಾ ಹಡಗಿನ ಮೇಟ್, ನಂತರ ಸ್ಕಿಪ್ಪರ್ ಪ್ರಮಾಣಪತ್ರ ಸಿಗುತ್ತದೆ. ಮಂಗಳೂರಿನಲ್ಲಿ 1969ರಲ್ಲೇ ದೇಶದ ಮೊದಲ ಮೀನುಗಾರಿಕಾ ಕಾಲೇಜು ಬಂತು. ಅದು ವಿಜ್ಞಾನಿಗಳನ್ನು, ಅಧಿಕಾರಿಗಳನ್ನು ಕೊಟ್ಟ ದೊಡ್ಡ ಸಂಸ್ಥೆ. ಚುಕ್ಕಾಣಿ ಹಿಡಿಯುವವನ ದಾರಿ ಮಾತ್ರ ಕೊಚ್ಚಿಯ ಕಡೆಗೇ ಹೋಗುತ್ತದೆ.

ಮೀನುಗಾರಿಕೆ ಬೇಡ, ಆದರೆ ನೀರಿನ ಮೇಲೇ ಬದುಕಬೇಕು ಎನ್ನುವವರಿಗೂ ದಾರಿಗಳಿವೆ. ನವಮಂಗಳೂರು ಬಂದರಿನ ಟಗ್‌ಗಳು ದೊಡ್ಡ ಹಡಗುಗಳನ್ನು ಒಳಗೆ ತಂದು ನಿಲ್ಲಿಸುತ್ತವೆ, ಅವುಗಳ ಮಾಸ್ಟರ್ ಆಗಲು ಪ್ರಮಾಣಪತ್ರ ಬೇಕೇ ಬೇಕು. ಮಂಗಳೂರಿನ ಹಳೇ ಬಂದರಿನಿಂದ ಲಕ್ಷದ್ವೀಪಕ್ಕೆ ಮರದ ಮಂಜಿಗಳು ತರಕಾರಿ, ದಿನಸಿ, ಜಲ್ಲಿ, ಸಿಮೆಂಟು ಸಾಗಿಸುತ್ತವೆ. ಆ ಹಳೆಯ ನೌಕಾವಿದ್ಯೆ ಇನ್ನೂ ಜೀವಂತ. ಹೊಳೆ, ಹಿನ್ನೀರಿನ ಲಾಂಚು, ಪ್ರವಾಸಿ ಬೋಟುಗಳಿಗೆ 1917ರ ಹಳೇ ಕಾನೂನಿನ ಬದಲು 2021ರ ಒಳನಾಡು ಹಡಗುಗಳ ಕಾಯ್ದೆ ಬಂದಿದೆ. ಅಲ್ಲಿ ಸ್ರಾಂಗ್‌ನಿಂದ ಶುರುವಾಗಿ ಮಾಸ್ಟರ್ ಹಂತದವರೆಗೆ ಪರೀಕ್ಷೆಗಳ ಮೆಟ್ಟಿಲುಗಳಿವೆ. ಸೇಂಟ್ ಮೇರೀಸ್ ದ್ವೀಪಕ್ಕೆ ಜನರನ್ನು ಕರೆದೊಯ್ಯುವವನೂ ಹತ್ತಾರು ಜೀವಗಳ ಹೊಣೆ ಹೊತ್ತವನೇ.

ಕಾಗದ ಇದ್ದವರೆಲ್ಲ ಒಳ್ಳೆಯ ತಂಡೇಲರಾಗುವುದಿಲ್ಲ, ಇದು ದಕ್ಕೆಯಲ್ಲಿ ಎಲ್ಲರೂ ಹೇಳುವ ಮಾತು, ನಿಜವೂ ಹೌದು. ಗಂಗೊಳ್ಳಿ ಅಳಿವೆಯನ್ನು ಯಾವ ಪುಸ್ತಕವೂ ಕಲಿಸಲಾರದು. ಆದರೆ ಕಾಗದ ಇಲ್ಲದ ತಂಡೇಲನ ಪಾಡು ನೋಡಿ. ಮೂವತ್ತು ವರ್ಷ ಬೋಟು ನಡೆಸಿ, ಬೆನ್ನು ನೋವು ಶುರುವಾಗಿ, ಸ್ವಲ್ಪ ಹಗುರದ ಕೆಲಸ ಬೇಕೆಂದು ಟಗ್‌ನಲ್ಲೋ ಬಂದರಿನಲ್ಲೋ ಕೇಳಲು ಹೋದರೆ ಅವನ ಮೂವತ್ತು ವರ್ಷಕ್ಕೆ ಅಲ್ಲಿ ಲೆಕ್ಕವೇ ಇಲ್ಲ. ಅಪಘಾತವಾದಾಗ ಅವನ ಮಾತಿಗೆ ತೂಕವಿಲ್ಲ.

ಉಡುಪಿಯ ಕೃಷ್ಣ ಬಂದ ಕಥೆಯಲ್ಲೂ ಒಬ್ಬ ಹಡಗಿನ ನಾಯಕನಿದ್ದಾನೆ. ಬಿರುಗಾಳಿಗೆ ಸಿಕ್ಕ ಹಡಗನ್ನು ಮಲ್ಪೆಯ ದಂಡೆಯಿಂದ ಮಧ್ವಾಚಾರ್ಯರು ಪಾರುಮಾಡಿದರು, ಕೃತಜ್ಞನಾದ ನಾಯಕ ಕೊಟ್ಟ ಗೋಪೀಚಂದನದ ಗಡ್ಡೆಯೊಳಗೆ ಮೂರ್ತಿ ಇತ್ತು ಎಂಬ ಆ ಐತಿಹ್ಯ ನಾಡಿಗೆಲ್ಲ ಗೊತ್ತು. ಅದೇ ದಂಡೆಯಲ್ಲಿ ಇವತ್ತು ಚುಕ್ಕಾಣಿ ಹಿಡಿಯುವವರಿಗೆ ನಾಡು ಏನು ಕೊಟ್ಟಿದೆ ಎಂದು ಕೇಳಬೇಕಾಗಿದೆ.

ಸರಕಾರ ಮಾಡಬೇಕಾದದ್ದು ದೊಡ್ಡದೇನಲ್ಲ. ನಿಷೇಧದ 61 ದಿನ ತಂಡೇಲರೂ ಕಲಾಸಿಗಳೂ ಮನೆಯಲ್ಲೇ ಇರುತ್ತಾರೆ. ಆ ದಿನಗಳಲ್ಲಿ ಮಂಗಳೂರು, ಮಲ್ಪೆ, ಗಂಗೊಳ್ಳಿ, ಹೊನ್ನಾವರ, ತದಡಿ, ಕಾರವಾರದ ದಕ್ಕೆಗಳಲ್ಲೇ ಕನ್ನಡದಲ್ಲಿ ಕೆಲವು ವಾರದ ತರಬೇತಿ ನಡೆಸಲಿ. ಡಿಕ್ಕಿ ತಡೆ ನಿಯಮ, ರೇಡಿಯೊ ಕರೆ, ಕಂಪಾಸು, ಬೋಟಿನ ಭಾರದ ಲೆಕ್ಕ, ಪ್ರಥಮ ಚಿಕಿತ್ಸೆ. ಹಿರಿಯ ತಂಡೇಲರೇ ಪಾಠ ಮಾಡಲಿ, ಅವರಿಗೆ ಗೌರವಧನ ಸಿಗಲಿ. ಬಾಯಿಮಾತಿನಲ್ಲೇ ಪರೀಕ್ಷೆ ನಡೆದು, ಕಡಲಲ್ಲಿ ಕಳೆದ ವರ್ಷಗಳಿಗೂ ಅಂಕ ಕೊಟ್ಟು, ಒಂದು ಪ್ರಮಾಣಪತ್ರ ಕೈಗೆ ಬರಲಿ.

ಬೋಟಿನ ಮಾಲೀಕರಲ್ಲಿ ಒಂದು ವಿನಂತಿ. ಮುಂದಿನ ಮಳೆಗಾಲದಲ್ಲಿ ಹೊಸ ಹುಡುಗನನ್ನು ಕರೆದು ಬೋಟು ಒಪ್ಪಿಸುವ ಮುನ್ನ ಒಂದು ಸಂಜೆ ಅವನನ್ನು ಹಳೆಯ ತಂಡೇಲರ ಎದುರು ಕೂರಿಸಿ. ಮೇಲೆ ಹಸಿರು ಕೆಳಗೆ ಬಿಳಿ ದೀಪ ಕಂಡರೆ ಏನರ್ಥ, 16ನೇ ಚಾನೆಲ್‌ನಲ್ಲಿ ಏನೆಂದು ಕರೆಯುತ್ತೀ, ಇಳಿತದಲ್ಲಿ ಅಳಿವೆಗೆ ಬಂದರೆ ಏನು ಮಾಡುತ್ತೀ ಎಂದು ಕೇಳಿಸಿ. ಬೋಟಿನಲ್ಲಿ ಎಷ್ಟು ಜನರಿದ್ದಾರೋ ಅಷ್ಟು ಲೈಫ್ ಜಾಕೆಟ್ ಇವೆಯೇ ಎಂದು ಅವನ ಕೈಯಲ್ಲೇ ಎಣಿಕೆ ಮಾಡಿಸಿ. ಕಲಾಸಿಗಳೆಲ್ಲರ ಹೆಸರು ವಿಮೆಗೆ ಸೇರಿದೆಯೇ ನೋಡಿ. ಮತ್ಸ್ಯ ಸಂಪದ ಯೋಜನೆಯ ಅಪಘಾತ ವಿಮೆಯಲ್ಲಿ ಜೀವ ಹೋದರೆ 5 ಲಕ್ಷ ರೂಪಾಯಿ ಮನೆಗೆ ಬರುತ್ತದೆ. ಹತ್ತನೇ ತರಗತಿ ಪರೀಕ್ಷೆ ಬರೆದ ಮಕ್ಕಳಿರುವ ಕರಾವಳಿಯ ಮನೆಯವರು ಸಿಫ್ನೆಟ್‌ನ ಪ್ರವೇಶ ಪ್ರಕಟಣೆ ಯಾವಾಗ ಬರುತ್ತದೆ ಎಂದು ಹತ್ತಿರದ ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿಡಿ. ಹುಡುಗನಿಗೆ 20 ದಾಟಿದ ಮೇಲೆ ಆ ಬಾಗಿಲು ತೆರೆಯುವುದು ಕಷ್ಟ.